ಬೋರ್ನಿಯೋ ನದಿಯಲ್ಲಿ ಎರಡು ರಾತ್ರಿ: ದೋಣಿ ನೋಡುವ ಮೊದಲು ಗೈಡ್ ಯಾರೆಂದು ಕೇಳಿ

ಪ್ರಶ್ನೆ: ಬರುವ ದಸರಾ ರಜೆಗೆ ಬಾಲಿಗೆ ಹೋಗುತ್ತಿದ್ದೇವೆ. ನಾನು, ನಮ್ಮ ಯಜಮಾನರು, ಹತ್ತು ವರ್ಷದ ಮಗಳು, 67 ವರ್ಷದ ಅತ್ತೆ. ಅಲ್ಲಿಂದ ಕಲಿಮಂತಾನ್‌ಗೆ ಹೋಗಿ, ದೋಣಿಯಲ್ಲೇ ಉಳಿದು ಒರಾಂಗುಟಾನ್ ನೋಡಬೇಕೆಂದು ಮಗಳ ಹಟ. ಅತ್ತೆಗೆ ಮಂಡಿ ನೋವಿದೆ. ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಒಂದು ರಾತ್ರಿ ಸಾಕಾ, ಎರಡು ಬೇಕಾ? ಇಂಟರ್‌ನೆಟ್‌ನಲ್ಲಿ ಸಿಗುವ ಗೈಡ್‌ಗಳನ್ನು ನಂಬಬಹುದಾ? ರಾತ್ರಿ ಕಾಡಿನ ಮಧ್ಯೆ ದೋಣಿಯಲ್ಲಿ ಮಲಗುವುದು ಸುರಕ್ಷಿತವೇ?
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಧೈರ್ಯವಾಗಿ ಹೋಗಿ ಬನ್ನಿ. ಅತ್ತೆಯವರನ್ನು ಬಾಲಿಯ ಹೋಟೆಲಿನಲ್ಲಿ ಬಿಟ್ಟು ಹೋಗುವ ಯೋಚನೆ ಇದ್ದರೆ ಅದನ್ನು ಕೈಬಿಡಿ. ಮಂಡಿ ನೋವಿದ್ದವರು ಕಾಡು ನೋಡಲು ಇಷ್ಟು ಅನುಕೂಲವಾದ ದಾರಿ ಇನ್ನೊಂದು ಸಿಗುವುದು ಕಷ್ಟ. ಜೀಪಿನ ಕುಲುಕಾಟ ಇಲ್ಲ, ಬೆಟ್ಟ ಹತ್ತುವ ಕೆಲಸ ಇಲ್ಲ. ದೋಣಿಯ ಮೇಲಿನ ಅಂತಸ್ತಿನಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಸಾಕು, ಎರಡೂ ದಡದ ಕಾಡು ಪಕ್ಕದಲ್ಲೇ ನಿಧಾನವಾಗಿ ಸಾಗುತ್ತದೆ.

ನೀವು ಹೋಗಬೇಕಾದದ್ದು ತಂಜುಂಗ್ ಪುಟಿಂಗ್ ರಾಷ್ಟ್ರೀಯ ಉದ್ಯಾನಕ್ಕೆ. ಬೋರ್ನಿಯೋ ದ್ವೀಪದಲ್ಲಿ ಇಂಡೋನೇಷ್ಯಾಕ್ಕೆ ಸೇರಿದ ಭಾಗವೇ ಕಲಿಮಂತಾನ್. ಅದರ ದಕ್ಷಿಣ ಕರಾವಳಿಯಲ್ಲಿ 4,000 ಚದರ ಕಿಲೋಮೀಟರಿಗೂ ಜಾಸ್ತಿ ಹರಡಿರುವ ಕಾಡು ಇದು, ಬಹುಪಾಲು ಜೌಗು. ಹತ್ತಿರದ ವಿಮಾನ ನಿಲ್ದಾಣ ಪಂಗ್ಕಲನ್ ಬುನ್. ಅಲ್ಲಿಂದ ಕಾರಿನಲ್ಲಿ ಅರ್ಧ ಗಂಟೆಯಲ್ಲಿ ಕುಮಾಯ್ ಬಂದರು. ಕ್ಲೋಟೋಕ್ ಎಂಬ ಮರದ ದೋಣಿಗಳು ಅಲ್ಲಿಂದ ಹೊರಟು ಸೆಕೋನ್ಯರ್ ನದಿಯ ಒಳಗೆ ಹೋಗುತ್ತವೆ. ಬಾಲಿಯಿಂದ ಸಾಮಾನ್ಯವಾಗಿ ಸುರಬಾಯದಲ್ಲಿ ವಿಮಾನ ಬದಲಿಸಬೇಕು. ಬಾಲಿಗಿಂತ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಇರುತ್ತದೆ, ನೆನಪಿರಲಿ. ಬಾಲಿಗೆ ತೆಗೆದುಕೊಂಡ ವೀಸಾನೇ ಇಲ್ಲಿಗೂ ಸಾಕು. ಒಂದು ವಿಷಯ ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ: ದೋಣಿ ಇಳಿದ ದಿನವೇ ಊರಿಗೆ ಹೊರಡುವ ವಿಮಾನಕ್ಕೆ ಟಿಕೆಟ್ ಮಾಡಿಸಬೇಡಿ. ಪಂಗ್ಕಲನ್ ಬುನ್ ಚಿಕ್ಕ ಊರು. ಅಲ್ಲಿಂದ ಒಂದು ವಿಮಾನ ರದ್ದಾದರೆ ಮುಂದಿನದ್ದು ಮರುದಿನವೇ ಆಗಬಹುದು.

ನಿಮ್ಮ ಪ್ರಶ್ನೆಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗೈಡ್ ಬಗ್ಗೆ ಕೇಳಿದ್ದು. ಬಹಳ ಜನ ದೋಣಿಯ ಫೋಟೊ ನೋಡಿ ಬುಕ್ ಮಾಡುತ್ತಾರೆ. ಹಾಸಿಗೆ ದಪ್ಪ ಇದೆಯಾ, ಎಸಿ ಇದೆಯಾ, ಊಟದ ಮೇಜಿನ ಮೇಲೆ ಹಣ್ಣು ಜೋಡಿಸಿದ್ದಾರಾ ಅಂತ. ದೋಣಿ ಚೆನ್ನಾಗಿದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ, ಅಷ್ಟೇ. ಏನು ನೋಡುತ್ತೀರಿ, ಎಷ್ಟು ಹೊತ್ತು ನೋಡುತ್ತೀರಿ, ನೋಡಿದ್ದರಲ್ಲಿ ಎಷ್ಟು ನಿಮಗೆ ಅರ್ಥವಾಗುತ್ತದೆ, ಇದೆಲ್ಲ ಗೈಡ್ ಕೈಯಲ್ಲಿದೆ.

ಇಲ್ಲಿನ ವ್ಯವಸ್ಥೆ ಹೀಗೆ. ಒಂದು ದೋಣಿಯಲ್ಲಿ ಕ್ಯಾಪ್ಟನ್, ಅವರ ಸಹಾಯಕ, ಅಡುಗೆಯವರು, ಗೈಡ್ ಇರುತ್ತಾರೆ. ಮೊದಲ ಮೂವರು ದೋಣಿಯ ಜನ. ಗೈಡ್ ಬೇರೆ ಕಡೆಯಿಂದ ಬರಬಹುದು. ಏಜೆನ್ಸಿ ಮೂಲಕ ಬುಕ್ ಮಾಡಿದರೆ ಆ ದಿನ ಯಾರು ಬಿಡುವಾಗಿದ್ದಾರೋ ಅವರನ್ನು ಕಳಿಸುವುದೂ ಉಂಟು. ಅದಕ್ಕೇ ಮುಂಗಡ ಕೊಡುವ ಮೊದಲು ಗೈಡ್ ಹೆಸರು ಕೇಳಿ, ಪರವಾನಗಿ ಚೀಟಿಯ ಫೋಟೊ ಕೇಳಿ, ಅವರ ಜೊತೆಗೇ ಹತ್ತು ನಿಮಿಷ ವಾಟ್ಸಾಪ್ ವಿಡಿಯೊದಲ್ಲಿ ಮಾತಾಡಿ. ಇದನ್ನು ಯಾರೂ ಅನುಮಾನ ಅಂದುಕೊಳ್ಳುವುದಿಲ್ಲ. ಒಳ್ಳೆಯ ಗೈಡ್‌ಗಳು ಖುಷಿಯಿಂದಲೇ ಮಾತಾಡುತ್ತಾರೆ. ಅವರ ಇಂಗ್ಲಿಷ್ ನಿಮಗೆ ತಿಳಿಯುತ್ತದಾ, ನಿಮ್ಮ ಇಂಗ್ಲಿಷ್ ಅವರಿಗೆ ತಿಳಿಯುತ್ತದಾ ಎಂಬುದೂ ಆಗಲೇ ಗೊತ್ತಾಗುತ್ತದೆ.

ಮಾತಿನ ನಡುವೆ, ರಾತ್ರಿ ದೋಣಿ ಎಲ್ಲಿ ಕಟ್ಟುತ್ತೀರಿ ಎಂದು ಕೇಳಿ. ಇದು ನನ್ನ ನೆಚ್ಚಿನ ಪ್ರಶ್ನೆ. ನದಿ ಗೊತ್ತಿಲ್ಲದವರು "ಒಳ್ಳೆ ಜಾಗದಲ್ಲಿ" ಎಂದು ಹೇಳಿ ಮುಗಿಸುತ್ತಾರೆ. ಗೊತ್ತಿದ್ದವರು ವಿವರಕ್ಕೆ ಇಳಿಯುತ್ತಾರೆ: ಬೇರೆ ದೋಣಿಗಳ ಜನರೇಟರ್ ಸದ್ದು ಎಲ್ಲಿ ಕೇಳುವುದಿಲ್ಲ, ಸಂಜೆ ಮಂಗಗಳು ಯಾವ ಮರಕ್ಕೆ ಬರುತ್ತಿವೆ, ಕೆಳಗಿನ ನೀಪಾ ತಾಳೆಗಳ ಹತ್ತಿರ ಮಿಂಚುಹುಳು ನೋಡಲು ಯಾವ ರಾತ್ರಿ ಹೋಗೋಣ ಅಂತ. ಇನ್ನೊಂದು ಮಾತು. ಒರಾಂಗುಟಾನ್ ಮುಟ್ಟಿಸುತ್ತೇನೆ, ಪಕ್ಕದಲ್ಲಿ ನಿಲ್ಲಿಸಿ ಫೋಟೊ ತೆಗೆಸುತ್ತೇನೆ ಎಂದು ಯಾರಾದರೂ ಹೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಮನುಷ್ಯರ ನೆಗಡಿ, ಕೆಮ್ಮು ಒರಾಂಗುಟಾನ್‌ಗಳಿಗೆ ಅಂಟುತ್ತದೆ. ನಮಗೆ ಎರಡು ದಿನ ಮೂಗು ಸೋರುವ ಸೋಂಕು ಅವುಗಳ ಮರಿಯ ಪ್ರಾಣ ತೆಗೆಯಬಹುದು. ಅದನ್ನು ತಿಳಿದೂ ಹತ್ತಿರ ಕರೆದೊಯ್ಯುವವರು ನಿಮ್ಮ ಮಗಳ ಸುರಕ್ಷತೆಯನ್ನೂ ಹಗುರವಾಗಿಯೇ ನೋಡುತ್ತಾರೆ.

ರಾತ್ರಿ ಎಷ್ಟು? ಎರಡು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಕಾರಣ ಉದ್ಯಾನದವರು ಒರಾಂಗುಟಾನ್‌ಗಳಿಗೆ ಆಹಾರ ಹಾಕುವ ಸಮಯ. ನದಿಯ ದಾರಿಯಲ್ಲಿ ಮೂರು ಮುಖ್ಯ ಜಾಗಗಳಿವೆ. ತಂಜುಂಗ್ ಹರಾಪನ್‌ನಲ್ಲಿ ಮಧ್ಯಾಹ್ನ 3 ಗಂಟೆಗೆ, ಪೊಂಡೊಕ್ ತಂಗ್ಗುಯ್‌ನಲ್ಲಿ ಬೆಳಿಗ್ಗೆ 9ಕ್ಕೆ, ಎಲ್ಲಕ್ಕಿಂತ ಒಳಗಿರುವ ಕ್ಯಾಂಪ್ ಲೀಕಿಯಲ್ಲಿ ಮಧ್ಯಾಹ್ನ 2ಕ್ಕೆ ಹಣ್ಣು ಹಾಕುವುದು ವಾಡಿಕೆ. ಹೊರಡುವ ಮೊದಲು ಗೈಡ್ ಹತ್ತಿರ ಸಮಯ ಖಚಿತ ಮಾಡಿಕೊಳ್ಳಿ. ಮೊದಲ ದಿನ ಮಧ್ಯಾಹ್ನ ಹರಾಪನ್, ಎರಡನೇ ದಿನ ಬೆಳಿಗ್ಗೆ ತಂಗ್ಗುಯ್, ಮಧ್ಯಾಹ್ನ ಲೀಕಿ, ಮೂರನೇ ದಿನ ವಾಪಸ್. ಲೆಕ್ಕ ಸರಿಯಾಗಿ ಕೂರುತ್ತದೆ. ಒಂದೇ ರಾತ್ರಿಗೆ ಹೋದರೆ ಒಂದು ಜಾಗ ತಪ್ಪುತ್ತದೆ, ಉಳಿದದ್ದು ಓಡಾಟದಲ್ಲಿ ಮುಗಿಯುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಸಂಜೆಯದು.

ಆ ಸಂಜೆಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ಉದ್ದ ಮೂಗಿನ ಮಂಗ ಬೋರ್ನಿಯೋ ದ್ವೀಪ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಕಾಡಿನಲ್ಲಿ ಇಲ್ಲ. ಅಲ್ಲಿಯವರು ಬೆಕಾಂತಾನ್ ಎನ್ನುತ್ತಾರೆ. ಗಂಡಿನ ಮೂಗು ಬಾಯಿಯ ಮೇಲೆ ಇಳಿಬಿದ್ದಿರುತ್ತದೆ. ಹೊಟ್ಟೆ ದಪ್ಪ, ಯಾಕೆಂದರೆ ಎಲೆ ಜೀರ್ಣವಾಗಲು ಹಲವು ಕೋಣೆಗಳ ಜಠರ ಬೇಕು. ಹಗಲೆಲ್ಲ ಒಳಗಿದ್ದ ಗುಂಪು ಕತ್ತಲಾಗುವ ಮೊದಲು ನದಿ ದಡದ ಮರಗಳಿಗೆ ಮಲಗಲು ಬರುತ್ತದೆ. ಆಗ ಗೈಡ್ ಕೈ ಎತ್ತುತ್ತಾರೆ, ಕ್ಯಾಪ್ಟನ್ ಎಂಜಿನ್ ನಿಲ್ಲಿಸುತ್ತಾರೆ. ಗಂಡು ಮಂಗ ಒಂದೊಂದೇ ಕೊಂಬೆಗೆ ಧಡ್ ಎಂದು ಜಿಗಿಯುತ್ತದೆ, ಮರಿಗಳು ಜಾಗಕ್ಕಾಗಿ ಜಗಳ ಮಾಡುತ್ತವೆ, ಕೆಲವೊಮ್ಮೆ ಇಡೀ ಗುಂಪು ಈ ದಡದಿಂದ ಆ ದಡಕ್ಕೆ ನೀರಿಗೆ ಹಾರಿ ಈಜುತ್ತದೆ. ಅವಸರದ ಗೈಡ್ ಆದರೆ ಎರಡು ಫೋಟೊ ತೆಗೆಸಿ ದೋಣಿ ಮುಂದೆ ಬಿಡಿಸುತ್ತಾರೆ. ಒಳ್ಳೆಯವರು ಒಂದು ಗಂಟೆ ಅಲ್ಲೇ ಇರಿಸುತ್ತಾರೆ. ಅತ್ತೆಯವರು ಕೂತಲ್ಲಿಂದಲೇ ನೋಡುವ ದೃಶ್ಯ ಇದು. ಇಡೀ ಪ್ರವಾಸದಲ್ಲಿ ಅವರಿಗೆ ಇದೇ ಹೆಚ್ಚು ಇಷ್ಟವಾದೀತು.

ಎರಡನೇ ದಿನ ನದಿ ಕವಲೊಡೆಯುವ ಜಾಗ ಬರುತ್ತದೆ. ಅಲ್ಲಿಯವರೆಗೆ ನೀರು ಕೆಂಚು ಮಣ್ಣಿನ ಬಣ್ಣ. ಮೇಲ್ಭಾಗದ ಗಣಿಗಾರಿಕೆಯ ಕೆಸರು ಅದಕ್ಕೆ ಒಂದು ಮುಖ್ಯ ಕಾರಣ. ಲೀಕಿ ಕಡೆಯ ಕವಲಿಗೆ ತಿರುಗಿದ ಕೂಡಲೇ ನೀರು ಹಾಲಿಲ್ಲದ ಚಹಾದ ಬಣ್ಣಕ್ಕೆ ಬರುತ್ತದೆ. ಕೊಳೆತ ಎಲೆಗಳ ಒಗರು ಇಳಿದು ಆಗುವ ಬಣ್ಣ ಅದು, ಅದೇ ಈ ನದಿಯ ನಿಜವಾದ ಬಣ್ಣ. ನೀರು ಅಲ್ಲಾಡದಿದ್ದಾಗ ಮರಗಳೆಲ್ಲ ಅದರಲ್ಲಿ ತಲೆಕೆಳಗಾಗಿ ಕಾಣುತ್ತವೆ. ಎರಡೂ ನೀರು ಸೇರುವ ಗೆರೆಯಲ್ಲಿ ದೋಣಿ ನಿಲ್ಲಿಸಿ ಮಗಳಿಗೆ ತೋರಿಸಲು ಗೈಡ್‌ಗೆ ಹೇಳಿ.

ಕ್ಯಾಂಪ್ ಲೀಕಿಯ ಕಥೆ ಮಗಳಿಗೆ ಮೊದಲೇ ಹೇಳಿರಿ. 1971ರಲ್ಲಿ ಬಿರುಟೆ ಗಾಲ್ಡಿಕಾಸ್ ಎಂಬ ಯುವತಿ ಒರಾಂಗುಟಾನ್‌ಗಳ ಅಧ್ಯಯನಕ್ಕೆಂದು ಗಂಡನ ಜೊತೆ ಇಲ್ಲಿಗೆ ಬಂದು, ಕಾಡಿನಲ್ಲಿ ಗುಡಿಸಲು ಹಾಕಿದರು. ತಮ್ಮನ್ನು ಕಳಿಸಿದ ವಿಜ್ಞಾನಿ ಲೂಯಿಸ್ ಲೀಕಿ ಅವರ ಹೆಸರನ್ನೇ ಜಾಗಕ್ಕೆ ಇಟ್ಟರು. ಚಿಂಪಾಂಜಿಗಳ ಜೇನ್ ಗುಡಾಲ್, ಗೊರಿಲ್ಲಾಗಳ ಡಯಾನ್ ಫಾಸಿ ಅವರಿಗೂ ದಾರಿ ಮಾಡಿಕೊಟ್ಟವರು ಇದೇ ಲೀಕಿ. ಗಾಲ್ಡಿಕಾಸ್ ಅಧ್ಯಯನದ ಜೊತೆಗೆ, ಜನ ಮನೆಯಲ್ಲಿ ಸಾಕಲು ಹಿಡಿದಿದ್ದ ಅನಾಥ ಮರಿಗಳನ್ನು ತಂದು ಕಾಡಿಗೆ ಬಿಡುವ ಕೆಲಸವನ್ನೂ ಶುರು ಮಾಡಿದರು. ಇವತ್ತು ಹಣ್ಣು ತಿನ್ನಲು ಅಟ್ಟಣಿಗೆಗೆ ಬರುವ ಒರಾಂಗುಟಾನ್‌ಗಳಲ್ಲಿ ಬಹುಪಾಲು ಹಾಗೆ ಬಿಟ್ಟವು ಅಥವಾ ಅವುಗಳ ಮಕ್ಕಳು, ಮೊಮ್ಮಕ್ಕಳು.

ಈ ವಿಷಯವನ್ನು ಹಲವು ಗೈಡ್‌ಗಳು ಹೇಳುವುದೇ ಇಲ್ಲ. ಹೇಳಬೇಕು ಎಂಬುದು ನನ್ನ ಅಭಿಪ್ರಾಯ. ಅಟ್ಟಣಿಗೆಯ ಮುಂದಿನ ಬೆಂಚಿನಲ್ಲಿ ಕೂತು ನೋಡುವುದು ಪೂರ್ತಿ ಕಾಡಿನ ಬದುಕಲ್ಲ. ಅಲ್ಲಿ ಹಾಕುವ ಹಣ್ಣು ಬರೀ ಪೂರಕ. ಕಾಡಿನಲ್ಲಿ ಹಣ್ಣು ಜಾಸ್ತಿ ಬಿಟ್ಟ ತಿಂಗಳಲ್ಲಿ ಯಾವ ಒರಾಂಗುಟಾನೂ ಬರದ ದಿನಗಳಿರುತ್ತವೆ. ಕಾದು ಕಾದು ಬೇಸರವಾದರೂ ಅದು ಒಳ್ಳೆಯ ಸುದ್ದಿಯೇ ಅಲ್ವಾ? ಅವು ತಮ್ಮ ಊಟ ತಾವೇ ಹುಡುಕಿಕೊಂಡಿವೆ. ಮಗಳನ್ನು ಇದಕ್ಕೆ ಮೊದಲೇ ಸಿದ್ಧ ಮಾಡಿ. ಬಂದರೆ ಮಾತ್ರ ಕಣ್ಣು ಕೀಳಲು ಆಗುವುದಿಲ್ಲ. ತಾಯಿ ಹೊಟ್ಟೆಗೆ ಮರಿ ಅಂಟಿಕೊಂಡಿರುತ್ತದೆ. ಏಳೆಂಟು ವರ್ಷ ಅದು ತಾಯಿಯ ಜೊತೆಗೇ ಇದ್ದು, ಯಾವ ಹಣ್ಣು ಯಾವಾಗ, ರಾತ್ರಿಗೆ ಎಲೆಯ ಗೂಡು ಹೇಗೆ ಎಂದೆಲ್ಲ ಕಲಿಯುತ್ತದೆ. ಒಂದು ಹೆರಿಗೆಗೂ ಇನ್ನೊಂದಕ್ಕೂ ನಡುವೆ ಅಷ್ಟೇ ಅಂತರ. ಅದಕ್ಕೇ ಒಂದು ತಾಯಿ ಸತ್ತರೆ ಅದರ ನಷ್ಟ ತುಂಬಲು ದಶಕಗಳು ಬೇಕು. ಬೋರ್ನಿಯೋ ಒರಾಂಗುಟಾನ್ 2016ರಿಂದ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಅಲ್ಲಿದ್ದಾಗ ಗೈಡ್ ಹೇಳಿದ ದೂರದಲ್ಲೇ ನಿಲ್ಲಿ. ತಾಯಿಗೂ ಮರಿಗೂ ನಡುವೆ ಹೋಗಬೇಡಿ. ಬ್ಯಾಗಿನಲ್ಲಿ ತಿಂಡಿ ಇಟ್ಟುಕೊಂಡು ಇಳಿಯಬೇಡಿ, ವಾಸನೆ ಹಿಡಿದು ಕಿತ್ತುಕೊಳ್ಳುತ್ತವೆ, ಅವುಗಳ ತೋಳಿನ ಬಲ ನಮಗೆ ತಡೆಯಲಾಗದ್ದು. ಯಾರಿಗಾದರೂ ನೆಗಡಿ ಇದ್ದರೆ ಅವರು ದೋಣಿಯಲ್ಲೇ ಇರಲಿ, ಉಳಿದವರ ಹತ್ತಿರ ಮಾಸ್ಕ್ ಇರಲಿ.

ಇನ್ನು ಮಂಡಿಯ ವಿಷಯ. ನಡಿಗೆ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ನಿಜವಾದ ತೊಂದರೆ ಬೇರೆ ಎರಡು ಕಡೆ ಇದೆ. ಮೊದಲನೆಯದು ಶೌಚಾಲಯ. ಹಲವು ಕ್ಲೋಟೋಕ್‌ಗಳಲ್ಲಿ ಮಲಗುವುದು ಮೇಲೆ, ಶೌಚಾಲಯ ಕೆಳಗೆ ಹಿಂಭಾಗದಲ್ಲಿ. ನಡುವೆ ಏಣಿಯ ಹಾಗೆ ಕಡಿದಾದ ಮರದ ಮೆಟ್ಟಿಲು. ರಾತ್ರಿ ಎರಡು ಸಲ ಏಳುವವರಿಗೆ ಇದು ಕಷ್ಟ. ಆ ಮೆಟ್ಟಿಲಿನ ಫೋಟೊ ಕಳಿಸಲು ಹೇಳಿ. ಕಮೋಡ್ ಇದೆಯಾ ಎಂದೂ ಕೇಳಿ. ಮಲಗುವ ಅಂತಸ್ತಿನಲ್ಲೇ ಶೌಚಾಲಯ ಇರುವ ದೋಣಿ ಅಥವಾ ಕೋಣೆ ಇರುವ ದೋಣಿ ಸಿಕ್ಕರೆ ಅತ್ತೆಯವರ ಸಲುವಾಗಿ ಸ್ವಲ್ಪ ಜಾಸ್ತಿ ದುಡ್ಡು ಕೊಡಿ. ಎರಡನೆಯದು ದೋಣಿಯಿಂದ ಕಟ್ಟೆಗೆ ಇಳಿಯುವುದು. ಜನಜಂಗುಳಿಯ ದಿನ ದೋಣಿಗಳನ್ನು ಒಂದರ ಪಕ್ಕ ಒಂದು ಕಟ್ಟಿರುತ್ತಾರೆ. ನಿಮ್ಮದು ಮೂರನೆಯದಾದರೆ ಎರಡು ದೋಣಿ ದಾಟಿ ನೆಲ ಮುಟ್ಟಬೇಕು. ಸ್ವಲ್ಪ ಮೊದಲೇ ತಲುಪಿ ಕಟ್ಟೆಗೆ ತಾಗಿಸಿ ನಿಲ್ಲಿಸಲು ಕ್ಯಾಪ್ಟನ್‌ಗೆ ಹೇಳಿಸಿ.

ನಡಿಗೆ ಹರಾಪನ್, ತಂಗ್ಗುಯ್ ಎರಡರಲ್ಲೂ ಅಷ್ಟೇನೂ ಇಲ್ಲ, ನೆಲ ಸಮತಟ್ಟು. ಲೀಕಿಯಲ್ಲಿ ಮಾತ್ರ ಕಟ್ಟೆಯಿಂದ ಉದ್ದನೆಯ ಹಲಗೆ ದಾರಿ, ಆಮೇಲೆ ಬೇರುಗಳ ನಡುವಿನ ಕಾಲುದಾರಿ. ಅತ್ತೆಯವರ ಹೆಜ್ಜೆಗೆ ಅರ್ಧ ಗಂಟೆಗೂ ಹೆಚ್ಚೇ ಆಗುತ್ತದೆ. ಬೇಡ ಅನ್ನಿಸಿದರೆ ಅವರು ದೋಣಿಯಲ್ಲಿ ಉಳಿಯಲಿ, ಅಡುಗೆಯವರು ಜೊತೆಗಿರುತ್ತಾರೆ. ಆ ಕಟ್ಟೆಯ ಹತ್ತಿರಕ್ಕೂ ಒರಾಂಗುಟಾನ್‌ಗಳು ಬರುವುದುಂಟು.

ರಾತ್ರಿ ಸುರಕ್ಷಿತವೇ ಅಂದರೆ, ಹೌದು. ದೋಣಿಯನ್ನು ದಡದ ಗಿಡಗಳಿಗೆ ಕಟ್ಟುತ್ತಾರೆ, ಕೆಳ ಅಂತಸ್ತಿನಲ್ಲಿ ಸಿಬ್ಬಂದಿ ಮಲಗಿರುತ್ತಾರೆ. ನಿಮಗೆ ಮೇಲೆ ಹಾಸಿಗೆ, ಸೊಳ್ಳೆ ಪರದೆ. ಗೋಡೆ ಇರುವುದಿಲ್ಲ, ಮಳೆ ಬಂದರೆ ತಾಡಪಾಲು ಇಳಿಬಿಡುತ್ತಾರೆ. ಹೆದರಬೇಕಾದದ್ದು ನೀರಿಗೆ. ಇಲ್ಲಿ ಉಪ್ಪುನೀರಿನ ಮೊಸಳೆಯೂ ಇದೆ, ಉದ್ದ ಮೂತಿಯ ಇನ್ನೊಂದು ಜಾತಿಯ ಮೊಸಳೆಯೂ ಇದೆ. ಈಜುವುದು, ಕಾಲು ಇಳಿಬಿಟ್ಟು ಕೂರುವುದು, ನೀರಿನಲ್ಲಿ ಕೈ ಆಡಿಸುವುದು, ಒಂದೂ ಬೇಡ. ಮಗಳ ಅಳತೆಯ ಲೈಫ್ ಜಾಕೆಟ್ ದೋಣಿಯಲ್ಲಿ ಇದೆಯಾ ಎಂದು ಮೊದಲೇ ಖಚಿತ ಮಾಡಿಕೊಳ್ಳಿ, ಕತ್ತಲಾದ ಮೇಲೆ ಅಂಚಿನ ಕಡೆ ಹೋಗುವಾಗ ಅದು ಮೈಮೇಲೆ ಇರಲಿ. ಸೊಳ್ಳೆಯನ್ನೂ ಹಗುರವಾಗಿ ನೋಡಬೇಡಿ. ಕಲಿಮಂತಾನ್‌ನಲ್ಲಿ ಮಲೇರಿಯಾ ಇದೆ, ಡೆಂಗ್ಯೂ ಇದೆ. ಹೊರಡುವ ಒಂದು ತಿಂಗಳು ಮೊದಲು ನಿಮ್ಮ ವೈದ್ಯರನ್ನು ಕೇಳಿ. ಅತ್ತೆಯವರು ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಿಳಿಸಿ. ಒಳಗೆ ಹೋದಂತೆ ಫೋನ್ ಸಿಗ್ನಲ್ ಕೈಕೊಡುತ್ತದೆ, ಅವರ ಔಷಧಿಗಳು ಪೂರ್ತಿ ಜೊತೆಗಿರಲಿ.

ಊಟಕ್ಕೆ ಹೆದರಬೇಡಿ, ಆದರೆ ಬಿಡಿಸಿ ಹೇಳಿ. ಅಲ್ಲಿ ಸಸ್ಯಾಹಾರಿ ಅಂದರೆ ಮಾಂಸ ತಿನ್ನದವರು ಅಷ್ಟೇ ಅಂದುಕೊಳ್ಳುವುದು ಸಾಮಾನ್ಯ. ಮೀನು, ಮೊಟ್ಟೆ ತಟ್ಟೆಗೆ ಬಂದುಬಿಡುತ್ತದೆ. ಕಣ್ಣಿಗೆ ಕಾಣದ್ದು ತೆರಾಸಿ. ಅದು ಸಿಗಡಿಯನ್ನು ಹುದುಗಿಸಿ ಮಾಡಿದ ಮುದ್ದೆ. ಸಂಬಾಲ್ ಎಂಬ ಖಾರದ ಚಟ್ನಿಯಲ್ಲಿ, ಕಾಂಗ್‌ಕುಂಗ್ ಸೊಪ್ಪಿನ ಪಲ್ಯದಲ್ಲಿ ಅದನ್ನು ಹಾಕುತ್ತಾರೆ. ಹಪ್ಪಳದ ಹಾಗಿರುವ ಕೆರುಪುಕ್ ಕೂಡ ಎಷ್ಟೋ ಸಲ ಸಿಗಡಿಯದ್ದೇ. "ತಿಡಾಕ್ ಮಾಕಾನ್ ಡಾಗಿಂಗ್, ಆಯಾಮ್, ಇಕಾನ್, ಉಡಾಂಗ್, ತೆಲುರ್. ತಾನ್ಪಾ ತೆರಾಸಿ" ಎಂದು ಬರೆದಿಟ್ಟುಕೊಳ್ಳಿ. ಮಾಂಸ, ಕೋಳಿ, ಮೀನು, ಸಿಗಡಿ, ಮೊಟ್ಟೆ ತಿನ್ನುವುದಿಲ್ಲ, ತೆರಾಸಿ ಹಾಕಬೇಡಿ ಅಂತ. ಗೈಡ್ ಇದನ್ನು ಅಡುಗೆಯವರಿಗೆ ಹಿಂದಿನ ದಿನವೇ ಹೇಳಬೇಕು, ಯಾಕೆಂದರೆ ಸಂತೆ ಮಾಡುವುದು ಕುಮಾಯ್‌ನಲ್ಲಿ, ನದಿಯ ಮೇಲೆ ಅಂಗಡಿ ಇಲ್ಲ. ಬಾಣಲೆ, ಎಣ್ಣೆ ಬೇರೆ ಇರಲಿ ಎಂದೂ ಹೇಳಿಸಿ. ಹಾಗೆ ಹೇಳಿದರೆ ಸೊಗಸಾದ ಊಟ ಸಿಗುತ್ತದೆ: ಸೋಯಾ ಕಾಳನ್ನು ಹುದುಗಿಸಿ ಮಾಡುವ ತೆಂಪೆಯನ್ನು ಕರಿದದ್ದು, ತೋಫು, ಬದನೆಕಾಯಿ, ತೆಂಗಿನ ಹಾಲಿನಲ್ಲಿ ಬೇಯಿಸಿದ ಎಳೆ ಹಲಸಿನಕಾಯಿ, ಸಂಜೆಗೆ ಬಿಸಿ ಬಾಳೆಹಣ್ಣಿನ ಬೋಂಡಾ. ಚಟ್ನಿಪುಡಿ ಒಂದು ಡಬ್ಬಿ ಇದ್ದರೆ ಅತ್ತೆಯವರಿಗೆ ನೆಮ್ಮದಿ.

ದಸರಾ ಸಮಯದ ಬಗ್ಗೆ ಒಂದು ಎಚ್ಚರಿಕೆ. ಒಣ ಹವೆ ಜೂನ್‌ನಿಂದ ಸೆಪ್ಟೆಂಬರ್. ನೀವು ಹೋಗುವುದು ಅದರ ಕೊನೆಗೆ. ಮಳೆ ಕಡಿಮೆ, ದಾರಿ ಗಟ್ಟಿ. ಆದರೆ ಇಲ್ಲಿಯ ನೆಲ ಪೀಟ್. ಸಾವಿರಾರು ವರ್ಷಗಳಿಂದ ಅರೆಬರೆ ಕೊಳೆತ ಎಲೆ, ಮರ ಒಂದರ ಮೇಲೊಂದು ಕೂತು ಆದ ನೆಲ. ಕಾಲುವೆ ತೋಡಿ ನೀರು ಬಸಿದ ಕಡೆ ಅದು ಒಣಗಿ, ಬೆಂಕಿ ಬಿದ್ದರೆ ನೆಲದೊಳಗೇ ವಾರಗಟ್ಟಲೆ ಉರಿಯುತ್ತದೆ. ಎಲ್ ನಿನೊ ಇದ್ದ 1997 ಮತ್ತು 2015ರಲ್ಲಿ ಹೊಗೆ ಎಷ್ಟಿತ್ತೆಂದರೆ ನೆರೆ ದೇಶಗಳವರೆಗೂ ಹಬ್ಬಿತು. 2019ರಲ್ಲೂ ಕೆಟ್ಟದಾಗಿತ್ತು. ಎಲ್ಲ ವರ್ಷವೂ ಹೀಗಾಗುವುದಿಲ್ಲ. ಆಗಸ್ಟ್ ಕೊನೆಯಿಂದ ಗೈಡ್‌ಗೆ ವಾರಕ್ಕೊಮ್ಮೆ ಮೆಸೇಜ್ ಮಾಡಿ ಗಾಳಿ ಹೇಗಿದೆ ಎಂದು ಕೇಳುತ್ತಿರಿ. ದಿನಾಂಕ ಬದಲಿಸಬಹುದಾದ ವಿಮಾನ ಟಿಕೆಟ್ ತೆಗೆದುಕೊಳ್ಳಿ. ಹೊಗೆ ಇದ್ದರೆ ವಯಸ್ಸಾದವರನ್ನು, ಮಗುವನ್ನು ಕರೆದೊಯ್ಯಬೇಡಿ, ಬಾಲಿಯಲ್ಲೇ ಉಳಿದು ಏಪ್ರಿಲ್–ಮೇ ರಜೆಗೆ ಬನ್ನಿ. ಆಗ ಮಧ್ಯಾಹ್ನ ಮಳೆ ಬರಬಹುದು, ಆದರೆ ಗಾಳಿ ತಿಳಿಯಾಗಿರುತ್ತದೆ, ಜುಲೈ–ಆಗಸ್ಟ್‌ನ ನೂಕುನುಗ್ಗಲೂ ಇರುವುದಿಲ್ಲ.

ನದಿಯ ಇನ್ನೊಂದು ದಡದಲ್ಲಿ, ಸೆಕೋನ್ಯರ್ ಹಳ್ಳಿಯ ಆಚೆ, ಎಣ್ಣೆ ತಾಳೆ ತೋಟಗಳು ಶುರುವಾಗುತ್ತವೆ. ಈಚೆ ಕಾಡು, ಆಚೆ ಕಣ್ಣು ಹಾಯುವಷ್ಟು ಒಂದೇ ಜಾತಿಯ ಗಿಡ. ಗೈಡ್ ಆ ಕಡೆ ಕರೆದೊಯ್ಯುವುದಾದರೆ ಬೇಡ ಅನ್ನಬೇಡಿ. ಜಗತ್ತಿನಲ್ಲೇ ಅತಿ ಹೆಚ್ಚು ತಾಳೆ ಎಣ್ಣೆ ತರಿಸುವ ದೇಶ ನಮ್ಮದು, ಅದರಲ್ಲಿ ದೊಡ್ಡ ಪಾಲು ಇಂಡೋನೇಷ್ಯಾದಿಂದ ಬರುತ್ತದೆ. ಬೇಕರಿಯ ಬಿಸ್ಕತ್ತು, ಅಂಗಡಿಯ ಚಿಪ್ಸ್, ಸೋಪು, ಎಲ್ಲದರಲ್ಲೂ ಅದಿದೆ. ಆ ತೋಟದಲ್ಲಿ ದುಡಿಯುವವರಲ್ಲಿ ಗೈಡ್‌ನ ಅಣ್ಣತಮ್ಮಂದಿರೂ ಇರಬಹುದು. ಅವರ ಬಾಯಿಂದಲೇ ಆ ಬದುಕಿನ ಮಾತು ಕೇಳಿ. ಪೆಸಲಾತ್ ಎಂಬಲ್ಲಿ ಸುಟ್ಟ ಕಾಡಿನಲ್ಲಿ ಮತ್ತೆ ಸಸಿ ನೆಡುವ ಕೆಲಸ ನಡೆದಿದೆ. ಬಿಡುವಿದ್ದರೆ ಮಗಳ ಕೈಯಲ್ಲಿ ಒಂದು ಸಸಿ ನೆಡಿಸಿ.

ದುಡ್ಡಿನ ವಿಷಯ ಚಿಕ್ಕದು. ಬೆಲೆ ನಿಲ್ಲುವುದು ದೋಣಿಯ ಮೇಲೆ, ಹಾಗಾಗಿ ನಾಲ್ಕು ಜನಕ್ಕೆ ಪೂರ್ತಿ ದೋಣಿ ತೆಗೆದುಕೊಳ್ಳುವುದೇ ಸರಿ. ಅಪರಿಚಿತರ ಜೊತೆ ಹಂಚಿಕೊಂಡರೆ ಅತ್ತೆಯವರ ವೇಗಕ್ಕೆ ಯಾರೂ ಕಾಯುವುದಿಲ್ಲ. ಮುಂಗಡ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೇಡ, ಉಳಿದದ್ದು ದೋಣಿ ಹತ್ತುವಾಗ. ಉದ್ಯಾನದ ಶುಲ್ಕ, ಪರವಾನಗಿ, ವಿಮಾನ ನಿಲ್ದಾಣದ ಕಾರು ಸೇರಿದೆಯಾ ಎಂದು ಬರವಣಿಗೆಯಲ್ಲಿ ಕೇಳಿ.  ಕೊನೆಯ ದಿನದ ಭಕ್ಷೀಸನ್ನು ಒಬ್ಬರ ಕೈಗೇ ಕೊಡಬೇಡಿ. ಕ್ಯಾಪ್ಟನ್, ಸಹಾಯಕ, ಅಡುಗೆಯವರು, ಗೈಡ್, ನಾಲ್ವರಿಗೂ ಬೇರೆ ಬೇರೆ ಕವರಿನಲ್ಲಿ ನೀವೇ ಕೊಡಿ. ನಗದು ಪಂಗ್ಕಲನ್ ಬುನ್‌ನಲ್ಲೇ ತೆಗೆದಿಟ್ಟುಕೊಳ್ಳಿ.

ಈಗಲೇ ಎರಡು ಮೂರು ಗೈಡ್‌ಗಳಿಗೆ ಬರೆಯಿರಿ. ಅತ್ತೆಯವರ ವಯಸ್ಸು, ಮಂಡಿ, ಊಟ, ಮಗಳ ವಯಸ್ಸು, ಎಲ್ಲವನ್ನೂ ಮೊದಲ ಮೆಸೇಜಿನಲ್ಲೇ ಹೇಳಿ. ಕೆಲವರು ಬೆಲೆಪಟ್ಟಿ ಕಳಿಸಿ ಸುಮ್ಮನಾಗುತ್ತಾರೆ. ಅತ್ತೆಯವರು ಮೆಟ್ಟಿಲು ಹತ್ತುತ್ತಾರಾ, ನೆಲದ ಹಾಸಿಗೆಯಿಂದ ಏಳಲು ಆಗುತ್ತದಾ ಅಥವಾ ಮಂಚ ಬೇಕಾ, ಮಗಳಿಗೆ ಈಜು ಬರುತ್ತದಾ ಎಂದು ತಿರುಗಿ ಪ್ರಶ್ನೆ ಕೇಳಿದವರಿಗೆ ಮುಂಗಡ ಕಳಿಸಿ.